ಟ್ರ್ಯಾಕ್ ಆಮೇಲೆ ಕಟ್ಟಿ, ಮೊದಲು ಗುಡ್ಡದ ಬಂಡಿದಾರಿ ಬಿಡಿಸಿಕೊಡಿ

ಸಂಪಾದಕರಿಗೆ ನಮಸ್ಕಾರ,

ತಾಲ್ಲೂಕು ಕೇಂದ್ರದಲ್ಲಿ ಒಂದು ಸಿಂಥೆಟಿಕ್ ಟ್ರ್ಯಾಕ್ ಆಗಲಿ ಅಂತ ನಿಮ್ಮ ಓದುಗರ ಪುಟದಲ್ಲಿ ಆಗಾಗ ಪತ್ರಗಳು ಬರುತ್ತವೆ. ಆಗಲಿ, ಬೇಡ ಅನ್ನೋರು ಯಾರೂ ಇಲ್ಲ. ಆದರೆ ನಮ್ಮ ಯಾದಗಿರಿ ಜಿಲ್ಲೆಯ ಹುಣಸಗಿ ಕಡೆಯ ಒಂದು ಹಳ್ಳಿಯ ಹುಡುಗ ಬೆಳಗಿನ ಐದಕ್ಕೆ ಎದ್ದು ಸುರಪುರದ ಟ್ರ್ಯಾಕಿಗೆ ಹೋಗೋದು ಹೇಗೆ? ಮೊದಲ ಬಸ್ಸು ಹಿಡಿದು ಅಲ್ಲಿ ಇಳಿಯುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಅದಕ್ಕೇ ಅವನು ಊರ ಮುಂದಿನ ಡಾಂಬರು ರಸ್ತೆಯ ಮೇಲೆ ಓಡುತ್ತಾನೆ. ಇನ್ನೂ ಕತ್ತಲು, ಕಿವಿಯಲ್ಲಿ ಇಯರ್‌ಫೋನ್, ಹಿಂದಿನಿಂದ ಹತ್ತಿ ತುಂಬಿದ ಲಾರಿ, ಮರಳಿನ ಟಿಪ್ಪರ್, ಒಂದು ಲೈಟೂ ಇಲ್ಲದ ಟ್ರ್ಯಾಕ್ಟರ್ ಟ್ರೇಲರ್. ಪಕ್ಕದಲ್ಲೇ ಗುಡ್ಡ ಇದೆ. ಗುಡ್ಡದ ಸುತ್ತ ಅಜ್ಜನ ಕಾಲದ ಬಂಡಿದಾರಿ ಇದೆ. ಆ ಕಡೆ ಯಾರೂ ತಲೆ ಹಾಕುತ್ತಿಲ್ಲ. ಅದಕ್ಕೇ ಈ ಪತ್ರ.

ನಾನು ಕ್ರೀಡಾಪಟು ಅಲ್ಲ. ಸುರಪುರ ಮತ್ತು ಹುಣಸಗಿ ನಡುವಿನ ಒಂದು ಊರಲ್ಲಿ ಗೊಬ್ಬರ, ಬೀಜದ ಅಂಗಡಿ ನನ್ನದು. ವಯಸ್ಸು ನಲವತ್ತು ದಾಟಿದೆ. ಸಕ್ಕರೆ ಅಂಚಿಗೆ ಬಂದಿದೆ ನೋಡ್ರಿ ಅಂತ ಡಾಕ್ಟರು ಹೇಳಿದ ಮೇಲೆ ಬೂಟು ಕಟ್ಟಿದವನು ನಾನು. ಪದಕ ಗಿದಕ ಯಾವುದೂ ಇಲ್ಲ. ಆದರೆ ವ್ಯಾಪಾರದಿಂದ ಒಂದು ಲಾಭ ಆಗಿದೆ. ಸುತ್ತಲಿನ ಊರುಗಳಲ್ಲಿ ಯಾವ ಹೊಲ ಯಾರದು, ಯಾವ ದಾರಿ ಎಲ್ಲಿಗೆ ಹೋಗುತ್ತದೆ, ಎಲ್ಲಿ ಮುಳ್ಳು ಹಚ್ಚಿ ಬಂದ್ ಮಾಡಿದ್ದಾರೆ, ಇದೆಲ್ಲ ನನಗೆ ಗೊತ್ತು. ಮೊದಮೊದಲು ನಾನು ಓಡುವಾಗ ಗಿರಾಕಿಗಳೇ ಬೈಕ್ ನಿಲ್ಲಿಸಿ, 'ಯಾಕ್ರಿ ಸಾವ್ಕಾರ, ಏನಾತು? ಕೂಡ್ರಿ ಗಾಡಿ ಮ್ಯಾಲ' ಅನ್ನುತ್ತಿದ್ದರು. ಈಗ ಸುಮ್ನೆ ಹಾರ್ನ್ ಹೊಡೆದು ಹೋಗುತ್ತಾರೆ.

ಓಡೋಕೆ ಒಳ್ಳೆ ಜಾಗ ಅಂದ ಕೂಡಲೇ ನಮ್ಮ ಜನರಿಗೆ ಚಿಕ್ಕಮಗಳೂರು, ಮಡಿಕೇರಿ ನೆನಪಾಗುತ್ತವೆ. ಪತ್ರಿಕೆಗಳ ಪ್ರವಾಸ ಪುಟವೂ ಹಾಗೇ, ಬೇಜಾರು ಮಾಡ್ಕೋಬೇಡಿ. ಯಾದಗಿರಿ ಅಂದರೆ ಬಿಸಿಲು, ಗುಳೆ, ಹಿಂದುಳಿದ ಜಿಲ್ಲೆ. ಅಷ್ಟೇ ಸುದ್ದಿ. 2009ರ ಡಿಸೆಂಬರಿನಲ್ಲಿ ಜಿಲ್ಲೆ ಆಯಿತು, ಆದರೂ ಇಲ್ಲಿ ಗುಡ್ಡಗಳಿವೆ ಅನ್ನೋದೇ ಬೆಂಗಳೂರಿನ ಕಡೆಯ ಎಷ್ಟೋ ಜನರಿಗೆ ಗೊತ್ತಿಲ್ಲ. ಶಹಾಪುರ ಊರು ಇರುವುದೇ ಗುಡ್ಡದ ಬುಡದಲ್ಲಿ. ಆ ಸಾಲನ್ನೇ ದೂರದಿಂದ ನೋಡಿದರೆ ಬುದ್ಧ ಮಲಗಿದ ಹಾಗೆ ಕಾಣುತ್ತದೆ, ಅದರ ಫೋಟೊ ಮಾತ್ರ ಎಲ್ಲರ ಮೊಬೈಲಿನಲ್ಲೂ ಓಡಾಡುತ್ತಿರುತ್ತದೆ. ಸುರಪುರವಂತೂ ಗುಡ್ಡಗಳ ನಡುವೆ ಕಟ್ಟಿದ ಊರು. ನಾಯಕ ಅರಸರು ಅಲ್ಲಿ ರಾಜಧಾನಿ ಮಾಡಿದ್ದು ಸುಮ್ನೆ ಅಲ್ಲ, ಬಂಡೆಗಳೇ ಅರ್ಧ ಕೋಟೆಯ ಕೆಲಸ ಮಾಡುತ್ತವೆ. 1840ರ ದಶಕದಲ್ಲಿ ಇಲ್ಲಿಗೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ತನ್ನ ಬಂಗಲೆಯನ್ನು ಗುಡ್ಡದ ಮೇಲೆಯೇ ಕಟ್ಟಿಸಿಕೊಂಡ. ಅದೇ ಟೇಲರ್ ಮಂಜಿಲ್. ಅಲ್ಲಿಗೆ ಏರುವ ರಸ್ತೆ ಇದೆಯಲ್ಲ, ಬೆಳಗ್ಗೆ ಬೇಗ ಹೋದರೆ ಊರಿಗೆ ಊರೇ ಕಾಲ ಕೆಳಗೆ ಕಾಣುತ್ತದೆ. ಏರು ಸ್ವಲ್ಪ ಕಡಿದಾಗಿದೆ, ಉಸಿರು ಬಾಯಿಗೆ ಬರುತ್ತದೆ, ಆದರೆ ದೂರ ಜಾಸ್ತಿ ಇಲ್ಲ.

ಇನ್ನು ನಮ್ಮೂರ ಗುಡ್ಡದ ವಿಷಯ. ದೊಡ್ಡ ಗುಡ್ಡ ಏನಲ್ಲ. ಬೆಟ್ಟ ಅಂತ ಕರೆದರೆ ಮಲೆನಾಡಿನವರು ನಕ್ಕಾರು. ಗ್ರಾನೈಟ್ ಗುಂಡುಗಳನ್ನು ಯಾರೋ ಚೀಲದಿಂದ ಸುರಿದು ಹೋದ ಹಾಗೆ ಇದೆ. ಆದರೆ ಅದರ ಸುತ್ತ ಒಂದು ಪೂರ್ತಿ ಸುತ್ತು ಇದೆ, ಆ ಸುತ್ತು ನಿಜವಾಗಿಯೂ ಚೆಂದ. ಊರ ಹನುಮಪ್ಪನ ಗುಡಿ ಹಿಂದಿನಿಂದ ಶುರು. ಮೊದಲು ಕೆಂಪು ಮಣ್ಣಿನ ಮಸಾರಿ ಹೊಲಗಳ ನಡುವೆ ಬಂಡಿದಾರಿ, ಎರಡೂ ಕಡೆ ಕಳ್ಳಿ ಬೇಲಿ, ನೆಲ ಮೆತ್ತಗೆ. ಆಮೇಲೆ ಗುಡ್ಡದ ಸೆರಗಿಗೆ ಬಂದರೆ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಗಟ್ಟಿ ಮಣ್ಣು, ಅಲ್ಲಲ್ಲಿ ನೀರು ಹರಿದು ಕೊರೆದ ಗುಂಡಿ, ಕಣ್ಣು ಕೆಳಗೇ ಇರಬೇಕು. ತಾಂಡಾದ ಹತ್ತಿರ ಒಂದು ಏರು ಸಿಗುತ್ತದೆ. ಅಲ್ಲಿ ನಾನಂತೂ ನಡೆಯುತ್ತೇನೆ, ಅದರಲ್ಲಿ ಅವಮಾನ ಏನಿಲ್ಲ. ಏರು ಮುಗಿದ ಮೇಲೆ ಒಂದು ಬಯಲು ಬಂಡೆ ಬರುತ್ತದೆ, ಮಳೆಗಾಲದಲ್ಲಿ ಅದರ ಗುಣಿಗಳಲ್ಲಿ ನೀರು ನಿಂತು ಸಣ್ಣ ಸಣ್ಣ ಹೊಂಡಗಳಾಗುತ್ತವೆ, ಕುರಿಗಳು ಅಲ್ಲೇ ಕುಡಿಯುತ್ತವೆ. ಅಲ್ಲಿ ನಿಂತು ಪೂರ್ವಕ್ಕೆ ನೋಡಿದರೆ ಸುರಪುರದ ಗುಡ್ಡಗಳು ನೀಲಿಯಾಗಿ ಕಾಣುತ್ತವೆ. ಕೆಳಗೆ ಕಣ್ಣಿಗೆ ಕಾಣುವಷ್ಟು ದೂರ ಹೊಲ. ಅಕ್ಟೋಬರ್ ಕಡೆಗೆ ಬಂದರೆ ತೊಗರಿ ಹೂ ಹಳದಿ, ದೀಪಾವಳಿ ಕಳೆದ ಮೇಲೆ ಬಂದರೆ ಹತ್ತಿ ಒಡೆದು ಬೆಳ್ಳಗೆ, ಅದಾದ ಮೇಲೆ ಕಣಗಳಲ್ಲಿ ಮೆಣಸಿನಕಾಯಿ ಹರವಿ ಕೆಂಪಗೆ. ಇಳಿಯುವಾಗ ಜೋರು ಬೇಡ. ಏರುವಾಗ ಸುಸ್ತು ಆಗುತ್ತದೆ ನಿಜ, ಆದರೆ ಮರುದಿನ ತೊಡೆ ಹಿಡಿದುಕೊಳ್ಳುವುದು ಇಳಿದದ್ದಕ್ಕೆ. ದೇಹದ ಭಾರವನ್ನೆಲ್ಲ ತಡೆಯೋದು ತೊಡೆಯ ಮುಂದಿನ ಸ್ನಾಯು. ಹೆಜ್ಜೆ ಚಿಕ್ಕದು ಹಾಕಿ, ಮೈ ಹಿಂದಕ್ಕೆ ವಾಲಿಸಬೇಡಿ, ಇಷ್ಟು ಸಾಕು.

ಏರು ಬೇಡ ಅನ್ನೋರಿಗೆ ಕಾಲುವೆ ಇದೆ. ನಾರಾಯಣಪುರದ ಬಸವಸಾಗರದಿಂದ ಬರುವ ಎಡದಂಡೆ ಕಾಲುವೆ, ಅದರ ಶಾಖಾ ಕಾಲುವೆಗಳು ನಮ್ಮ ಎರಡು ಮೂರು ತಾಲ್ಲೂಕಿನ ಬದುಕನ್ನೇ ಬದಲಿಸಿದವು, ಅದು ನಿಮಗೆ ಹೇಳಬೇಕಿಲ್ಲ. ಕಾಲುವೆ ದಂಡೆ ಮೇಲೆ ಗರಸಿನ ದಾರಿ ಇರುತ್ತದೆ, ಇಲಾಖೆಯ ಜೀಪು ಓಡಾಡಲಿ ಅಂತ ಮಾಡಿದ್ದು. ಸಪಾಟು, ಉದ್ದ, ಒಂದು ಕಡೆ ನೀರು, ಇನ್ನೊಂದು ಕಡೆ ಹೊರಗಿಂದ ಬಂದು ನೆಲೆಸಿದ ಕ್ಯಾಂಪಿನವರ ಭತ್ತದ ಗದ್ದೆ, ಗದ್ದೆ ತುಂಬ ಬೆಳ್ಳಕ್ಕಿ. ದೂರ ಅಳೆದು ಓಡುವ ಹುಡುಗರಿಗೆ ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಆದರೆ ನೀರು ಬಿಟ್ಟಾಗ ಕಾಲುವೆಯ ಒಳ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ. ಓಡಿ ಬೆವರಿದೆ ಅಂತ ಮುಖ ತೊಳೆಯೋಕೂ ಇಳಿಯಬೇಡಿ. ಈಜು ಬರುತ್ತದೆ ಅನ್ನೋರೂ ಇಳಿಯಬೇಡಿ. ಸಿಮೆಂಟಿನ ಇಳಿಜಾರಿನಲ್ಲಿ ಕೈಗೆ ಹಿಡಿಯೋಕೆ ಏನೂ ಸಿಗಲ್ಲ.

ಮೂರನೆಯದು ಹಳ್ಳದ ದಾರಿ, ಇದು ನನ್ನ ಮೆಚ್ಚಿನದು. ಹುಣಸಗಿ, ಬೈಚಬಾಳ ಸೀಮೆಯ ನೆಲ ವಿಚಿತ್ರ. ಒಂದು ಕಡೆ ಗ್ರಾನೈಟ್ ಗುಂಡು, ಸ್ವಲ್ಪ ಆಚೆ ಹೋದರೆ ಸುಣ್ಣದ ಕಲ್ಲಿನ ಹಾಸು, ನಮ್ಮ ಮನೆಗಳಿಗೆ ಹಾಕುವ ಫರಸಿ ಜಾತಿಯದು. ಹಳ್ಳದ ದಂಡೆ ಹಿಡಿದು ಓಡಿದರೆ ಕಾಲ ಕೆಳಗೆ ಕಲ್ಲಿನ ಬಣ್ಣ ಬದಲಾಗುವುದೇ ಗೊತ್ತಾಗುತ್ತದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊಫೆಸರ್ ಕೆ. ಪದ್ದಯ್ಯ ಅವರು ವರ್ಷಗಟ್ಟಲೆ ಇದೇ ಸೀಮೆಯಲ್ಲಿ ಕಾಲ್ನಡಿಗೆಯಲ್ಲಿ ತಿರುಗಿ ಆದಿಮಾನವರ ಕಲ್ಲಿನ ಆಯುಧಗಳ ಜಾಗಗಳನ್ನು ಒಂದೊಂದಾಗಿ ಹುಡುಕಿದರು. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಆ ಜನ ಸುಣ್ಣದ ಕಲ್ಲಿನ ಚಪ್ಪಡಿ ಕಿತ್ತು, ಅಲ್ಲೇ ಕೂತು ಕೈಗೊಡಲಿ ಮಾಡಿಕೊಂಡಿದ್ದರು. ಅದರ ವಯಸ್ಸು ಸುಮಾರು 12 ಲಕ್ಷ ವರ್ಷ ಅಂತ ಅಂದಾಜು ಮಾಡಿದ್ದಾರೆ. ನಾವು 'ಹಿಂದುಳಿದ ಜಿಲ್ಲೆ' ಅನ್ನೋ ಜಾಗದಲ್ಲಿ ಭಾರತದ ಅತಿ ಹಳೆಯ ವರ್ಕ್‌ಶಾಪುಗಳಲ್ಲಿ ಒಂದು ಇತ್ತು, ನಮ್ಮ ಶಾಲೆ ಮಕ್ಕಳಿಗೆ ಇದು ಯಾರೂ ಹೇಳಿಲ್ಲ. ಆ ಜನ ಇಲ್ಲೇ ಯಾಕೆ ನಿಂತರು ಅನ್ನೋದಕ್ಕೆ ಪಂಡಿತರು ಕೊಡುವ ಕಾರಣ ಸರಳ. ಈ ಬಯಲಿನ ಹಳ್ಳಗಳಲ್ಲಿ ಬೇಸಿಗೆಯಲ್ಲೂ ಒರತೆ ನೀರು ಸಿಗುತ್ತಿತ್ತು. ಓಡೋರಿಗೆ ಒಂದು ಮಾತು, ದಾರಿಯಲ್ಲಿ ಕಂಡ ಕಲ್ಲನ್ನು ಚೆಂದ ಇದೆ ಅಂತ ಜೇಬಿಗೆ ಹಾಕಬೇಡಿ. ಬಿದ್ದ ಜಾಗದಲ್ಲಿ ಇದ್ದರೆ ಮಾತ್ರ ಅದು ಏನಾದರೂ ಹೇಳುತ್ತದೆ. ಬೂದಿಹಾಳದ ಬೂದಿ ದಿಬ್ಬಕ್ಕೂ ಇದೇ ಮಾತು. ಸಾವಿರಾರು ವರ್ಷದ ಹಿಂದೆ ದನ ಸಾಕಿದವರು ಸಗಣಿ ಸುಟ್ಟು ಆದ ದಿಬ್ಬ ಅದು. ಪಕ್ಕದಲ್ಲಿ ಓಡಿ ಹೋಗಿ, ಮೇಲೆ ಹತ್ತಬೇಡಿ.

ಶಹಾಪುರ ಹತ್ತಿರದ ವಿಭೂತಿಹಳ್ಳಿ ಹೆಸರು ಎಷ್ಟು ಜನ ಕೇಳಿದ್ದೀರೋ. ಅಲ್ಲಿ ಬಯಲಲ್ಲಿ ಕಲ್ಲುಗುಂಡುಗಳನ್ನು ಸಾಲು ಸಾಲಾಗಿ ಜೋಡಿಸಿದ್ದಾರೆ, ಬೃಹತ್ ಶಿಲಾಯುಗದ ಕೆಲಸ, ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿದೆ. ಅದರ ಬಗ್ಗೆ ಮೊದಲು ಬರೆದಿಟ್ಟವರಲ್ಲಿ ಟೇಲರ್ ಸಾಹೇಬನೂ ಒಬ್ಬ. ರಾಜನಕೋಳೂರಿನಲ್ಲೂ ಅದೇ ಕಾಲದ ಕಲ್ಲು ಗೋರಿಗಳಿವೆ. ಹೀಗೆ ಒಂದು ಭಾನುವಾರ ಗಾಡಿ ಮೇಲೆ ಹೋಗಿ, ಊರ ಹೊರಗೆ ನಿಲ್ಲಿಸಿ, ಸುತ್ತಲಿನ ಹೊಲದ ದಾರಿಗಳಲ್ಲಿ ಒಂದು ಗಂಟೆ ಓಡಿ, ಹೋಟೆಲಿನಲ್ಲಿ ಸೂಸಲ ಮಿರ್ಚಿ ತಿಂದು ಬಂದರೆ ಅದಕ್ಕಿಂತ ಒಳ್ಳೆ ರಜೆ ನನಗೆ ಬೇರೆ ಇಲ್ಲ. ಮಿರ್ಚಿ ತಿಂದರೆ ಓಡಿದ್ದು ಏನಾಯಿತು ಅಂತ ಮನೆಯಲ್ಲಿ ಕೇಳುತ್ತಾರೆ, ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇಲ್ಲ.

ಬೀದರ್, ಚಿಂಚೋಳಿ ಕಡೆಯವರು ನಮ್ಮನ್ನು ಬಿಟ್ಟಿರಲ್ಲ ಅನ್ನಬಹುದು. ಬೀದರಿನ ಕೆಂಪು ಜಂಬಿಟ್ಟಿಗೆ ನೆಲದ ದಾರಿ ಓಡೋಕೆ ಬಹಳ ಚೆನ್ನಾಗಿದೆ, ಮಳೆ ಬಂದು ಹೋದ ತಾಸಿಗೆ ಮತ್ತೆ ಓಡಬಹುದು. ಚಿಂಚೋಳಿ ಗುಡ್ಡಗಳು ನಮ್ಮ ಭಾಗದಲ್ಲೇ ದಟ್ಟ ಕಾಡು ಇರುವಂಥವು. ಆದರೆ 2011ರಿಂದ ಅದು ವನ್ಯಜೀವಿ ಧಾಮ, ಕಾಡೊಳಗೆ ಮನಸ್ಸಿಗೆ ಬಂದ ಕಡೆ ನುಗ್ಗೋ ಹಾಗಿಲ್ಲ, ನುಗ್ಗಲೂ ಬಾರದು. ಆ ಊರುಗಳ ದಾರಿ ಬಗ್ಗೆ ಅಲ್ಲಿಯವರೇ ಬರೆಯಲಿ. ನನಗೆ ಗೊತ್ತಿರೋದು ನನ್ನ ಸೀಮೆ.

ಯಾವಾಗ ಓಡಬೇಕು ಅನ್ನೋದು ಇಲ್ಲಿ ದೊಡ್ಡ ಪ್ರಶ್ನೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ 42 ಡಿಗ್ರಿ ದಾಟುತ್ತದೆ. ಆಗ ಬೆಳಗಿನ ಆರೂವರೆಗೆ ಮನೆಯಲ್ಲಿ ಇರಬೇಕು, ಶುರು ಮಾಡೋದಲ್ಲ, ಮುಗಿಸಿ ಬಂದು ಕೂತಿರಬೇಕು. ಸಂಜೆ ತಂಪು ಅಂತ ಗುಡ್ಡಕ್ಕೆ ಹೋದರೆ ಮೋಸ. ಬಂಡೆಗಳು ದಿನವಿಡೀ ಕುಡಿದ ಬಿಸಿಲನ್ನು ರಾತ್ರಿ ಎಂಟರವರೆಗೂ ಉಗುಳುತ್ತಿರುತ್ತವೆ. ಬೇಸಿಗೆಯ ಸಂಜೆಗೆ ಕಾಲುವೆ ದಂಡೆಯೇ ವಾಸಿ. ಮೃಗಶಿರ ಮಳೆ ಬಿದ್ದ ಮೇಲೆ ಎರೆ ಹೊಲದ ದಾರಿ ಮರೆತುಬಿಡಿ. ಎರೆ ಮಣ್ಣು ಬೂಟಿಗೆ ಹತ್ತಿದರೆ ಹತ್ತು ಹೆಜ್ಜೆಗೆ ಒಂದೊಂದು ಕಾಲು ಎತ್ತೋಕೆ ಆಗದಷ್ಟು ಭಾರ, ಬೂಟೇ ಕಳಚಿ ಮಣ್ಣಲ್ಲಿ ಉಳಿದದ್ದೂ ಉಂಟು. ಆ ದಿನಗಳಲ್ಲಿ ಗುಡ್ಡದ ಗರಸಿನ ದಾರಿ ಒಂದೇ ಗತಿ, ಅದು ಬೇಗ ಒಣಗುತ್ತದೆ. ಇದಕ್ಕೇ ನಾನು ಹೇಳೋದು, ಗುಡ್ಡದ ದಾರಿ ಇದ್ದರೆ ಮಳೆಗಾಲದಲ್ಲೂ ಹುಡುಗರು ಡಾಂಬರಿಗೆ ಹೋಗಬೇಕಿಲ್ಲ. ದೀಪಾವಳಿಯಿಂದ ಶಿವರಾತ್ರಿವರೆಗೆ ಮಾತ್ರ ಎಲ್ಲ ದಾರಿಯೂ ನಿಮ್ಮದೇ. ಎಳ್ಳಮಾವಾಸ್ಯೆಯ ದಿನ ಓಡೋಕೆ ಹೋದರೆ ಓಟ ಮುಗಿಯಲ್ಲ, ಅದನ್ನೂ ಹೇಳಿಬಿಡುತ್ತೇನೆ. ಹೊಲಕ್ಕೆ ನೈವೇದ್ಯದ ಚರಗ ಚೆಲ್ಲೋಕೆ ಬಂದವರು ಒಂದೊಂದು ಹೊಲದಿಂದ ಕೈ ಮಾಡಿ ಕರೆಯುತ್ತಾರೆ. ಸಜ್ಜಿ ರೊಟ್ಟಿ, ಭಜ್ಜಿ ಪಲ್ಯ, ಅಂಬಲಿ. ಬೇಡ ಅಂದರೆ ಸಿಟ್ಟಿಗೇಳುತ್ತಾರೆ.

ಈಗ ಸ್ವಲ್ಪ ಮುಜುಗರದ ಮಾತು. ಬರೆಯದೆ ಬಿಟ್ಟರೆ ಪತ್ರ ಪೂರ್ತಿ ಆಗಲ್ಲ. ಮನೆಗೊಂದು ಶೌಚಾಲಯ ಅಂತ ಕಾಗದದಲ್ಲಿ ಏನೇ ಇರಲಿ, ಎಷ್ಟೋ ಊರುಗಳಲ್ಲಿ ನಸುಕಿನಲ್ಲಿ ಊರ ಹೊರಗಿನ ದಾರಿ ಹೆಂಗಸರ ಬಯಲು. ಗಂಡಸು ಒಬ್ಬ ಟಾರ್ಚ್ ಹಚ್ಚಿಕೊಂಡು ದಬದಬ ಓಡಿ ಬಂದರೆ ಆ ತಾಯಂದಿರು ಎದ್ದು ನಿಲ್ಲಬೇಕು. ಇದು ಎಂಥ ನಾಚಿಕೆಗೇಡು ಅಲ್ವಾ? ಅವರಿಗಲ್ಲ, ನಮಗೆ. ಹಾಗಾಗಿ ಯಾವ ಊರಲ್ಲಿ ಓಡಿದರೂ ಮೊದಲು ಮನೆಯ ಹೆಣ್ಣುಮಕ್ಕಳನ್ನು ಕೇಳಿ, ಯಾವ ದಾರಿ ಬಿಡಬೇಕು ಅಂತ. ಅವರು ಹೇಳಿದ ದಾರಿಗೆ ಬೆಳಕು ಹರಿಯುವ ತನಕ ಹೋಗಬೇಡಿ. ಹಾಡು ಹಚ್ಚಿಕೊಂಡು ಓಡೋರು ಇದನ್ನು ಎರಡು ಸಲ ಓದಿ.

ನಾಯಿಗಳ ವಿಷಯ ಇದಕ್ಕಿಂತ ಸುಲಭ. ಊರ ನಾಯಿ ಬೊಗಳಿ ಸುಮ್ಮನಾಗುತ್ತದೆ. ಕುರಿ ಹಟ್ಟಿಯ ನಾಯಿ ಹಾಗಲ್ಲ, ಅದರದು ಕೆಲಸ, ತೋಳದಿಂದ ಮರಿ ಕಾಯೋದು. ಹಟ್ಟಿ ಕಂಡ ಕೂಡಲೇ ಓಟ ನಿಲ್ಲಿಸಿ, ನಡೆಯಿರಿ, ದೂರದಿಂದಲೇ 'ಯಪ್ಪಾ, ನಾಯಿ ಹಿಡೀರಿ' ಅಂತ ಕೂಗಿ. ಕುರಿಗಾಹಿ ಒಂದು ಸಿಳ್ಳೆ ಹಾಕಿದರೆ ಮುಗಿಯಿತು. ಕಲ್ಲು ಎತ್ತಿದಿರೋ ಕೆಟ್ಟಿರಿ. ಬಿತ್ತಿದ ಹೊಲದ ಒಳಗೆ ಕಾಲಿಡಬಾರದು, ಬದುವಿನ ಮೇಲೂ ಹೊಲದವರನ್ನು ಕೇಳದೆ ಓಡಬಾರದು. ಇದೆಲ್ಲ ಹಳ್ಳಿ ಹುಡುಗರಿಗೆ ಹೇಳಬೇಕಾಗಿಲ್ಲ. ಪೇಟೆಯಿಂದ ಬರುವವರಿಗೆ ಹೇಳುತ್ತಿದ್ದೇನೆ.

ಪೊಲೀಸ್ ಭರ್ತಿಗೆ ತಯಾರಿ ಮಾಡುವ ಹುಡುಗರ ಮಾತಿಗೆ ಬರುತ್ತೇನೆ, ಅದು ಮುಖ್ಯ. ನಮ್ಮ ಭಾಗದವರಿಗೆ ನೌಕರಿಯಲ್ಲಿ ಮೀಸಲು ಕೊಡುವ 371ಜೆ ಬಂದ ಮೇಲೆ ಸರ್ಕಾರಿ ನೌಕರಿ ಮೇಲೆ ಆಸೆ ಹೆಚ್ಚಾಗಿದೆ, ತಪ್ಪೇನಿಲ್ಲ. ಪೊಲೀಸ್ ಕಾನ್‌ಸ್ಟೆಬಲ್ ಆಗೋಕೆ ಗಂಡು ಮಕ್ಕಳು 1600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು, ಹೆಣ್ಣು ಮಕ್ಕಳು 400 ಮೀಟರನ್ನು 2 ನಿಮಿಷದಲ್ಲಿ. ಹುಡುಗರು ದಿನಾ ರಸ್ತೆ ಮೇಲೆ ಮೈಲಿಗಲ್ಲು ಲೆಕ್ಕ ಹಾಕಿ ಅಷ್ಟೇ ದೂರ, ಅಷ್ಟೇ ಜೋರಾಗಿ ಓಡುತ್ತಾರೆ. ಒಂದು ತಿಂಗಳಲ್ಲಿ ಮೊಣಕಾಲಿನ ಕೆಳಗಿನ ಎಲುಬು ನೋವು, ಮುಲಾಮು, ಪಟ್ಟಿ, ಆಮೇಲೆ ಓಟ ಬಂದ್. ನನ್ನ ಅಂಗಡಿಗೆ ಬರುವ ಹುಡುಗರಿಗೆ ನಾನು ಹೇಳೋದು ಇಷ್ಟೇ: ವಾರದಲ್ಲಿ ಒಂದೋ ಎರಡೋ ದಿನ ಮಾತ್ರ ಗಡಿಯಾರ ನೋಡಿ ಓಡಿ, ಅದೂ ಕಾಲುವೆ ದಂಡೆ ಮೇಲೆ. ಉಳಿದ ದಿನ ಗುಡ್ಡದ ಸುತ್ತು, ಪಕ್ಕದವನ ಜೊತೆ ಮಾತಾಡೋಕೆ ಆಗುವಷ್ಟು ನಿಧಾನಕ್ಕೆ. ಏರಿನಲ್ಲಿ ಹೆಜ್ಜೆ ಚಿಕ್ಕದಾಗುತ್ತದೆ, ಕಾಲು ನೆಲಕ್ಕೆ ಬಡಿಯುವ ಏಟು ಕಡಿಮೆ, ಆದರೆ ಮೀನಖಂಡ, ತೊಡೆ, ಪುಪ್ಪುಸ ಎಲ್ಲಕ್ಕೂ ಕೆಲಸ ಸಿಗುತ್ತದೆ. ಏರಿಗೆ ಒಗ್ಗಿದವನಿಗೆ ಸಪಾಟು ನೆಲದ 1600 ಮೀಟರ್ ಭಾರ ಅನಿಸಲ್ಲ. ಹೀಗೆ ಓಡಿದವರಲ್ಲಿ ಕೆಲವರು ಓಟದಲ್ಲಿ ಪಾಸಾದರು, ಲಿಖಿತ ಪರೀಕ್ಷೆಯ ಮಾತು ನನ್ನ ವ್ಯಾಪ್ತಿಗೆ ಬರಲ್ಲ.

ಹುಡುಗಿಯರ ಕಷ್ಟ ಬೇರೆ. ಅವರಿಗೆ ರಸ್ತೆಯೂ ಇಲ್ಲ, ಗುಡ್ಡವೂ ಇಲ್ಲ, ಶಾಲೆಯ ಅಂಗಳದಲ್ಲಿ ಗಾಣದ ಎತ್ತಿನ ಹಾಗೆ ತಿರುಗುತ್ತಾರೆ, ಕಟ್ಟೆ ಮೇಲೆ ಕೂತವರು ಮೊಬೈಲ್ ಹಿಡಿದು ನೋಡುತ್ತಿರುತ್ತಾರೆ. ಆದರೆ ಹತ್ತಿ ಬಿಡಿಸೋಕೆ, ಕಳೆ ತೆಗೆಯೋಕೆ ಹೋಗುವ ಹೆಂಗಸರು ಬೆಳಗ್ಗೆ ಏಳರ ಹೊತ್ತಿಗೆ ಗುಂಪು ಗುಂಪಾಗಿ ಹೋಗೋದು ಇದೇ ಬಂಡಿದಾರಿಯಲ್ಲಿ. ಆ ಹೊತ್ತಿಗೆ ಆ ದಾರಿಯಷ್ಟು ಭದ್ರವಾದ ಜಾಗ ಊರಲ್ಲಿ ಇನ್ನೊಂದಿಲ್ಲ. ಚಳಿಗಾಲದಲ್ಲಿ ಏಳು ಗಂಟೆಗೆ ಬಿಸಿಲೂ ಇರಲ್ಲ. ನಮ್ಮ ಪಕ್ಕದ ಊರಲ್ಲಿ ಇಬ್ಬರು ಹುಡುಗಿಯರು ಹೀಗೇ ಮಾಡುತ್ತಿದ್ದಾರೆ. ಕೂಲಿಗೆ ಹೋಗುವ ಅತ್ತೆ, ಚಿಕ್ಕಮ್ಮಂದಿರ ಜೊತೆ ಹೊಲದವರೆಗೆ ಹೋಗೋದು, ಅಲ್ಲಿಂದ ಓಡುತ್ತ ಬರೋದು. ದಾರಿಯುದ್ದಕ್ಕೂ ಎದುರಿಗೆ ಬರೋರು ಪರಿಚಯದವರೇ.

ಹಾಗಾದರೆ ತೊಂದರೆ ಏನು? ದಾರಿಗಳೇ ಸಾಯುತ್ತಿವೆ. ಬಂಡಿ ಹೋಗಿ ಟ್ರ್ಯಾಕ್ಟರ್ ಬಂದ ಮೇಲೆ ಎಷ್ಟೋ ದಾರಿಗಳನ್ನು ಯಾರೂ ಬಳಸಲ್ಲ. ಬಳಸದ ದಾರಿಯನ್ನು ಎರಡೂ ಕಡೆಯವರು ವರ್ಷಕ್ಕೆ ಒಂದು ಸಾಲು, ಎರಡು ಸಾಲು ಅಂತ ಗಳೆ ಹೊಡೆದು ಸೇರಿಸಿಕೊಳ್ಳುತ್ತಾರೆ. ಉಳಿದದ್ದಕ್ಕೆ ಬಳ್ಳಾರಿ ಜಾಲಿ ನುಗ್ಗುತ್ತದೆ. ಅದರ ಮುಳ್ಳು ಬೂಟಿನ ಅಡಿಯನ್ನು ಸೀಳಿಕೊಂಡು ಪಾದಕ್ಕೆ ಬರುತ್ತದೆ, ತಮಾಷೆ ಅಲ್ಲ. ನಮ್ಮೂರ ಗುಡ್ಡದ ಸುತ್ತಿನಲ್ಲೂ ಒಂದು ಕಡೆ ಮುಳ್ಳಿನ ಬೇಲಿ ಬಿದ್ದು ಸುತ್ತು ತುಂಡಾಗಿತ್ತು. ಹೊಲದವರು ನನ್ನ ಗಿರಾಕಿಯೇ, ಸಾಲವೂ ಇತ್ತು ಅನ್ನಿ. ಮಾತಾಡಿದ ಮೇಲೆ ಬೇಲಿಯನ್ನು ಎರಡು ಮೊಳ ಒಳಗೆ ಸರಿಸಿದರು. ಎಲ್ಲರಿಗೂ ಗೊಬ್ಬರದ ಅಂಗಡಿ ಇರಲ್ಲವಲ್ಲ.

ಇದಕ್ಕೆ ಹೊಸ ಕಾನೂನು ಏನೂ ಬೇಕಿಲ್ಲ. ಪ್ರತಿ ಊರಿನ ಸರ್ವೆ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ ಚುಕ್ಕೆ ಗೆರೆಯಲ್ಲಿ ಗುರುತಾಗಿವೆ. ಸರ್ವೆ ಇಲಾಖೆಯ ದಿಶಾಂಕ್ ಆ್ಯಪ್ ಮೊಬೈಲಿಗೆ ಹಾಕಿಕೊಂಡರೆ ನೀವು ನಿಂತ ಜಾಗದ ಸರ್ವೆ ನಂಬರ್ ತಕ್ಷಣ ಬರುತ್ತದೆ. ಜಗಳಗಂಟರು ಬದುವಿನ ವ್ಯಾಜ್ಯಕ್ಕೆ ಅದನ್ನು ಬಳಸುತ್ತಾರೆ, ನಾನು ಓಡುವ ದಾರಿ ಹುಡುಕೋಕೆ ಬಳಸುತ್ತೇನೆ. ನಕಾಶೆಯಲ್ಲಿ ದಾರಿ ಇದ್ದು, ನೆಲದ ಮೇಲೆ ಇಲ್ಲ ಅಂದರೆ ಒತ್ತುವರಿ ಆಗಿದೆ ಅಂತ ಅರ್ಥ, ತಹಶೀಲ್ದಾರರು ಅಳತೆ ಮಾಡಿಸಿ ಬಿಡಿಸಬಹುದು. ರೈತರೇ ಎಷ್ಟೋ ಕಡೆ ಈ ಬಗ್ಗೆ ಅರ್ಜಿ ಕೊಟ್ಟು ಕಾಯುತ್ತಿದ್ದಾರೆ. ಓಡುವವರ ಅರ್ಜಿಯೂ ಅದರ ಜೊತೆ ಸೇರಲಿ. ದಾರಿ ಬಿಟ್ಟರೆ ಹೊಲದವರ ಫಸಲು ಮನೆಗೆ ಬರುತ್ತದೆ, ನಮ್ಮ ಹುಡುಗರು ಓಡುತ್ತಾರೆ, ಇಬ್ಬರಿಗೂ ಅದೇ ದಾರಿ.

ಒಂದು ಭಯವೂ ಇದೆ. ದಾರಿ ಕೊಡಿ ಅಂದ ಕೂಡಲೇ ಗುತ್ತಿಗೆದಾರರಿಗೆ ಸಿಸಿ ರಸ್ತೆ ಕಾಣುತ್ತದೆ. ದಯವಿಟ್ಟು ಬೇಡ. ಗುಡ್ಡದ ಸುತ್ತ ಸಿಮೆಂಟ್ ಸುರಿದರೆ ಮರುವರ್ಷವೇ ಅಲ್ಲಿ ಟಿಪ್ಪರ್ ಓಡುತ್ತದೆ, ಅದರ ಹಿಂದೆ ಕ್ರಷರ್ ಬರುತ್ತದೆ. ನಮ್ಮ ಸೀಮೆಯಲ್ಲೇ ಒಂದು ಗುಡ್ಡ ಹೀಗೆ ಅರ್ಧ ಕರಗಿದೆ, ಅದರ ಪಕ್ಕದ ಹೊಲದ ಹತ್ತಿಯ ಮೇಲೆ ಯಾವಾಗಲೂ ಬೂದು ಧೂಳು. ಮೊದಲು ನಾನು ಅಲ್ಲಿ ಓಡುತ್ತಿದ್ದೆ, ಈಗ ಆ ಕಡೆ ಮುಖ ಹಾಕಲ್ಲ. ಗರಸು ಸಾಕು. ಕೊರೆದ ಗುಂಡಿಗೆ ಗರಸು ಹಾಕಿ, ನೀರು ಹರಿಯುವ ಕಡೆ ಕಲ್ಲು ಜೋಡಿಸಿ, ವರ್ಷಕ್ಕೆ ಎರಡು ಸಲ ಜಾಲಿ ಕಡಿಸಿದರೆ ಆಯಿತು. ಉದ್ಯೋಗ ಖಾತ್ರಿಯಲ್ಲಿ ಹೊಲದ ದಾರಿ ಕೆಲಸ ಆಗಿರೋದನ್ನು ಎಷ್ಟೋ ಊರಲ್ಲಿ ನೋಡಿದ್ದೇವೆ. ಗುಡ್ಡದ ಸುತ್ತಿಗೂ ಅಂಥದೇ ಕೆಲಸ ಹಾಕಿದರೆ ಊರವರಿಗೆ ಕೂಲಿಯೂ ಆಗುತ್ತದೆ. ಒಂದು ಟ್ರ್ಯಾಕಿಗೆ ಹಾಕುವ ಕೋಟಿಗಳ ಲೆಕ್ಕದಲ್ಲಿ ಇದು ಚಿಲ್ಲರೆ.

ಬೋರ್ಡ್ ಗೀರ್ಡ್ ಬೇಕಾಗಿಲ್ಲ. ದಾರಿ ಒಡೆಯುವ ಕಡೆ ಬಂಡೆಯ ಮೇಲೆ ಸುಣ್ಣದ ಬಾಣದ ಗುರುತು ಹಾಕಿದರೆ ಹೊಸಬರೂ ದಾರಿ ತಪ್ಪಲ್ಲ. ಹಳೆಯ ಕಲ್ಲುಗಳಿರುವ ಕಡೆ ಸುಣ್ಣವೂ ಬೇಡ. ಬೇಸಿಗೆಯಲ್ಲಿ ತಾಂಡಾ ಹತ್ತಿರ ಒಂದು ಅರವಟಿಗೆ ಇಟ್ಟರೆ ಕುರಿಯವರು, ಕೂಲಿಯವರು, ಓಡುವವರು ಎಲ್ಲ ಕುಡಿಯುತ್ತಾರೆ, ಅದನ್ನು ನಾವು ಅಂಗಡಿಯವರೇ ಸೇರಿ ಮಾಡಬಹುದು, ಸರ್ಕಾರವನ್ನು ಕೇಳಬೇಕಿಲ್ಲ.

ಸಂಪಾದಕರೇ, ನಿಮ್ಮಿಂದಲೂ ಒಂದು ಕೆಲಸ ಆಗಬೇಕು. ನಿಮ್ಮ ವರದಿಗಾರರು ಪ್ರತಿ ಹೋಬಳಿಯಲ್ಲೂ ಇದ್ದಾರೆ. ಅವರವರ ಊರಿನ ಗುಡ್ಡದ ಸುತ್ತಿನ ದಾರಿ ಒಂದನ್ನು, ಎಲ್ಲಿಂದ ಶುರು, ಎಲ್ಲಿ ಏರು, ಎಲ್ಲಿ ಬಂದ್ ಆಗಿದೆ ಅಂತ ವಾರಕ್ಕೆ ಒಂದರ ಹಾಗೆ ಹಾಕಿ. ಬಂದ್ ಆಗಿದ್ದನ್ನು ಪೇಪರಿನಲ್ಲಿ ಓದಿದರೆ ತಹಶೀಲ್ದಾರ್ ಕಚೇರಿಯ ಫೈಲು ಸ್ವಲ್ಪ ಬೇಗ ಮೇಲೆ ಬರುತ್ತದೆ, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು.

ನಮ್ಮೂರ ಮತ್ತು ಅಕ್ಕಪಕ್ಕದ ಊರುಗಳ ನಕಾಶೆ ಪ್ರತಿ ತೆಗೆಸಿ ಅಂಗಡಿಯಲ್ಲಿ ಇಟ್ಟಿದ್ದೇನೆ. ಓಡುವ ದಾರಿಗಳಿಗೆ ಹಸಿರು ಗೆರೆ, ಬಂದ್ ಆದ ಕಡೆ ಕೆಂಪು ಗುರುತು ಹಾಕಿದ್ದೇನೆ. ಮುಂದಿನ ಗ್ರಾಮಸಭೆಗೆ ಅರ್ಜಿ ಬರೆದಾಗಿದೆ, ಸಹಿ ಮಾಡೋಕೆ ಬರುವ ಹುಡುಗರು ಸಂಜೆ ಬನ್ನಿ. ಸೋಮವಾರ ಮಾತ್ರ ಬೇಡ, ಅವತ್ತು ಸಂತೆ, ನನಗೆ ತಲೆ ಎತ್ತೋಕೂ ಪುರುಸೊತ್ತು ಇರಲ್ಲ.

ಇಂತಿ,
ಗೊಬ್ಬರದ ಅಂಗಡಿಯ ಓಟಗಾರ
ಸುರಪುರ ಸೀಮೆ, ಯಾದಗಿರಿ ಜಿಲ್ಲೆ